ಪರಾಮರ್ಶನ ವಿಭಾಗದಲ್ಲಿ ಝೊಟೆರೊ: ದೀರ್ಘ ಬಳಕೆಯ ನಂತರದ ವಿಮರ್ಶೆ

ಪುಸ್ತಕ, ಲೇಖನಗಳ ವಿವರಗಳನ್ನು ಕೂಡಿಟ್ಟು ಬರಹದಲ್ಲಿ ಉಲ್ಲೇಖಿಸಲು ನೆರವಾಗುವ ಝೊಟೆರೊ ಎಂಬ ಉಲ್ಲೇಖ ನಿರ್ವಹಣಾ ತಂತ್ರಾಂಶವನ್ನು ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಹಲವು ವರ್ಷಗಳಿಂದ ನಿತ್ಯವೂ ಬಳಸುತ್ತಿದ್ದೇನೆ, ಓದುಗರಿಗೂ ಸಹೋದ್ಯೋಗಿಗಳಿಗೂ ಕಲಿಸುತ್ತಿದ್ದೇನೆ. ಇದರ ಬಗೆಗಿನ ಪರಿಚಯ ಬರಹಗಳಲ್ಲಿ ಹೆಚ್ಚಿನವು ಪ್ರಬಂಧ ಬರೆಯುವ ಸಂಶೋಧನಾ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಗ್ರಂಥಾಲಯದಲ್ಲಿ ಕೆಲಸ ಮಾಡುವವರು ಇದನ್ನು ಕಲಿಯುವ ದಾರಿ ಬೇರೆ. ಅವರಿಗೆ ಇದರಿಂದ ಆಗುವ ಪ್ರಯೋಜನವೂ ಬೇರೆ. ಸೂಚೀಕರಣದ, ಅಂದರೆ ಪುಸ್ತಕಗಳ ವಿವರಪಟ್ಟಿ ತಯಾರಿಸುವ, ಕೊಠಡಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಜಾಲದ ಹೊಸ ಸಾಧನಗಳೆಂದರೆ ತಮ್ಮ ವಿದ್ಯೆಗೆ ಸಂಬಂಧವಿಲ್ಲದ ಸಂಗತಿ ಎಂದು ಭಾವಿಸುವುದನ್ನು ನಾನು ಕಂಡಿದ್ದೇನೆ. ಈ ಸಾಧನದ ಮಟ್ಟಿಗಂತೂ ಆ ಭಾವನೆ ಪೂರ್ತಿ ತಪ್ಪು. ಝೊಟೆರೊ ಉಳಿಸಿಕೊಳ್ಳುವುದು ಮೊದಲಿಗೆ ಒಂದು ಕೃತಿಯ ವಿವರಣೆಯನ್ನು. ಆ ವಿವರಣೆ ಎಷ್ಟು ನಿಖರವಾಗಿದೆಯೋ ಅಷ್ಟೇ ಅದರ ಬೆಲೆ. ವಿವರಣೆಯನ್ನು ನೋಡಿದೊಡನೆ ಎಲ್ಲಿ ಕೊರತೆಯಿದೆ ಎಂದು ಗುರುತಿಸುವ ಕಣ್ಣು ನಮ್ಮ ವೃತ್ತಿಯವರಿಗೆ ಮೊದಲೇ ಇರುತ್ತದೆ.

ಈ ತಂತ್ರಾಂಶ 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರದಿಂದ ಫೈರ್‌ಫಾಕ್ಸ್ ಬ್ರೌಸರಿನ ಒಂದು ವಿಸ್ತರಣೆಯಾಗಿ ಹೊರಬಂದಿತು. 2017ರ 5.0 ಆವೃತ್ತಿಯಿಂದ ಅದು ಬ್ರೌಸರಿನಿಂದ ಹೊರಬಂದು ಪ್ರತ್ಯೇಕ ತಂತ್ರಾಂಶವಾಗಿ ನಿಂತಿತು. ಬ್ರೌಸರಿನಲ್ಲಿ ಉಳಿದದ್ದು ಕನೆಕ್ಟರ್ ಎಂಬ ಸಣ್ಣ ಗುಂಡಿ ಮಾತ್ರ. 2022ರ 6ನೇ ಆವೃತ್ತಿ ಪಿಡಿಎಫ್ ಓದುವ, ಗೆರೆ ಎಳೆದು ಟಿಪ್ಪಣಿ ಬರೆಯುವ ಸೌಲಭ್ಯವನ್ನು ಒಳಗೇ ತಂದಿತು. 2024ರ 7ನೇ ಆವೃತ್ತಿ ಇಪಬ್ ರೂಪದ ಇ-ಪುಸ್ತಕಗಳನ್ನೂ ಉಳಿಸಿಕೊಂಡ ಜಾಲಪುಟಗಳನ್ನೂ ಅದೇ ರೀತಿಯಲ್ಲಿ ಓದಲು ಅವಕಾಶ ಕೊಟ್ಟಿತು. ಇದು ಮುಕ್ತ ತಂತ್ರಾಂಶ, ಬಳಕೆಗೆ ಶುಲ್ಕವಿಲ್ಲ, ಇದರ ಹಿಂದಿರುವುದು ಲಾಭದ ಉದ್ದೇಶವಿಲ್ಲದ ಸಂಸ್ಥೆ. ಚಂದಾ ನಿಂತ ದಿನವೇ ಓದುಗನ ಸಂಗ್ರಹಕ್ಕೆ ಬೀಗ ಬೀಳುವಂತಹ ಸಾಧನವನ್ನು ಗ್ರಂಥಾಲಯವೊಂದು ಶಿಫಾರಸು ಮಾಡಬಾರದೆಂಬುದು ನನ್ನ ಗಟ್ಟಿಯಾದ ನಿಲುವು. ಝೊಟೆರೊವನ್ನು ಆಯ್ದುಕೊಳ್ಳಲು ನನಗೆ ಮೊದಲ ಕಾರಣವಾದದ್ದೂ ಅದೇ.

ಹೊಸಬರು ಮೊದಲು ಕಲಿಯುವುದು ಕನೆಕ್ಟರಿನ ಬಳಕೆಯನ್ನು. ಲೇಖನವೋ ಪುಸ್ತಕವೋ ಇರುವ ಪುಟ ತೆರೆದು ಗುಂಡಿ ಒತ್ತಿದರೆ ಶೀರ್ಷಿಕೆ, ಲೇಖಕರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲವೂ ತಾವಾಗಿಯೇ ತುಂಬಿಕೊಳ್ಳುತ್ತವೆ. ನೋಡುವವರಿಗೆ ಇದು ಅಚ್ಚರಿಯೆನಿಸುವುದು ಸಹಜವಾದರೂ ಒಳಗಿನ ವ್ಯವಸ್ಥೆಯನ್ನು ತಿಳಿದುಕೊಂಡರೆ ಬಳಕೆ ಬಹಳ ಸುಧಾರಿಸುತ್ತದೆ. ಒಂದೊಂದು ಜಾಲತಾಣಕ್ಕೂ, ಒಂದೊಂದು ಬಗೆಯ ಗ್ರಂಥಾಲಯ ಸೂಚಿಗೂ ಜಾವಾಸ್ಕ್ರಿಪ್ಟಿನಲ್ಲಿ ಬರೆದ ‘ಟ್ರಾನ್ಸ್‌ಲೇಟರ್’ ಎಂಬ ಕಿರು ಕ್ರಮವಿಧಿಗಳಿವೆ. ಆ ತಾಣ ತನ್ನ ವಿವರಗಳನ್ನು ಎಲ್ಲಿ, ಯಾವ ರೂಪದಲ್ಲಿ ಇಟ್ಟಿದೆ ಎಂಬುದು ಅವಕ್ಕೆ ಗೊತ್ತು. ತಕ್ಕ ಟ್ರಾನ್ಸ್‌ಲೇಟರ್ ಇಲ್ಲದ ಕಡೆ ಪುಟದಲ್ಲಿ ಹುದುಗಿಸಿಟ್ಟ ಮೆಟಾಡೇಟಾವನ್ನು (ಕೃತಿಯ ಬಗೆಗಿನ ವಿವರಗಳನ್ನು) ಅದು ಹುಡುಕುತ್ತದೆ. ಅದೂ ಇಲ್ಲದಿದ್ದರೆ ಬರಿಯ ಜಾಲಪುಟವೆಂದು ಉಳಿಸಿಕೊಳ್ಳುತ್ತದೆ. ಗುಂಡಿಯ ಚಿತ್ರವನ್ನು ನೋಡಿಯೇ ಇದನ್ನು ತಿಳಿಯಬಹುದು: ಪುಸ್ತಕದ ಚಿತ್ರವಿದ್ದರೆ ಪುಸ್ತಕ, ಹಾಳೆಯ ಚಿತ್ರವಿದ್ದರೆ ಲೇಖನ, ಫೋಲ್ಡರಿನ ಚಿತ್ರವಿದ್ದರೆ ಹುಡುಕಾಟದ ಫಲಿತಾಂಶಗಳ ಪಟ್ಟಿ. ಒತ್ತುವ ಮೊದಲು ಆ ಚಿತ್ರವನ್ನು ನೋಡುವ ಅಭ್ಯಾಸವನ್ನು ನಾನು ಎಲ್ಲಕ್ಕಿಂತ ಮೊದಲು ಕಲಿಸುತ್ತೇನೆ, ಏಕೆಂದರೆ ಜಾಲಪುಟವೆಂದು ದಾಖಲಾದ ಸಂಶೋಧನಾ ಲೇಖನಕ್ಕೆ ಸಂಪುಟವೂ ಇರುವುದಿಲ್ಲ, ಪುಟಸಂಖ್ಯೆಯೂ ಇರುವುದಿಲ್ಲ. ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್, ಲೇಖನದ ಗುರುತುಸಂಖ್ಯೆಯಾದ ಡಿಒಐ ಅಥವಾ ವೈದ್ಯಕೀಯ ಲೇಖನಗಳ ದತ್ತಸಂಚಯವಾದ ಪಬ್‌ಮೆಡ್ ಕೊಟ್ಟ ಸಂಖ್ಯೆ ಕೈಯಲ್ಲಿದ್ದರೆ ಅದನ್ನು ನೇರವಾಗಿ ಕೊಟ್ಟು ವಿವರ ತರಿಸಿಕೊಳ್ಳುವ ದಾರಿ ಇನ್ನೂ ಒಳ್ಳೆಯದು. ಲೇಖನಗಳ ವಿಷಯದಲ್ಲಿ ಹೀಗೆ ಬಂದ ವಿವರ ಸಾಮಾನ್ಯವಾಗಿ ಹೆಚ್ಚು ಶುದ್ಧವಾಗಿರುತ್ತದೆ.

ಹೀಗೆ ಬಂದ ವಿವರವನ್ನು ಪರಿಶೀಲಿಸುವುದೇ ನಿಜವಾದ ಕೆಲಸ. ಇಲ್ಲಿ ನಾನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ಬಹಳಷ್ಟು ಬಳಕೆದಾರರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ. ಹೆಸರುಗಳನ್ನು ನೋಡಿ. ಝೊಟೆರೊ ಲೇಖಕರ ಹೆಸರನ್ನು ಕುಲನಾಮ ಮತ್ತು ಸ್ವನಾಮ ಎಂದು ಎರಡು ಕ್ಷೇತ್ರಗಳಲ್ಲಿ ಇಡುತ್ತದೆ. ಪ್ರಪಂಚದ ಎಷ್ಟೋ ಜನರಿಗೆ ಕುಲನಾಮವೇ ಇಲ್ಲ. ಇನ್ನೆಷ್ಟೋ ಜನರಿಗೆ ತಂದೆಯ ಹೆಸರೋ ಊರಿನ ಹೆಸರೋ ಮೊದಲಕ್ಷರವಾಗಿ ಮುಂದೆ ನಿಂತಿರುತ್ತದೆ. ಯಂತ್ರ ಇದನ್ನು ಅರಿಯದೆ ಕೊನೆಯ ಪದವನ್ನು ಕುಲನಾಮವೆಂದು ಭಾವಿಸಿ ಮುಂದಕ್ಕೆ ತರುತ್ತದೆ, ಉಳಿದದ್ದನ್ನು ಒಂದೊಂದು ಅಕ್ಷರಕ್ಕೆ ಕುಗ್ಗಿಸುತ್ತದೆ. ಸಂಸ್ಥೆಯೇ ಲೇಖಕನಾಗಿರುವ ವರದಿಗಳಲ್ಲಿ ತೊಂದರೆ ಇನ್ನೂ ಹೆಚ್ಚು: ಮಂತ್ರಾಲಯವೋ ಆಯೋಗವೋ ಎರಡು ತುಂಡಾಗಿ ಗ್ರಂಥಸೂಚಿಯಲ್ಲಿ ತಲೆಕೆಳಗಾಗಿ ಕೂರುತ್ತದೆ. ಹೆಸರಿನ ಪಕ್ಕದಲ್ಲಿರುವ ಪುಟ್ಟ ಗುಂಡಿಯನ್ನು ಒತ್ತಿ ಏಕಕ್ಷೇತ್ರಕ್ಕೆ ಬದಲಾಯಿಸಿದರೆ ಬರೆದದ್ದು ಬರೆದಂತೆಯೇ ಉಳಿಯುತ್ತದೆ. ಈ ಗುಂಡಿ ಇದೆಯೆಂಬುದೇ ಬಹಳ ಮಂದಿಗೆ ತಿಳಿದಿರುವುದಿಲ್ಲ. ವ್ಯಕ್ತಿಯ ಹೆಸರನ್ನು ಯಾವ ಪದದ ಕೆಳಗೆ ನಮೂದಿಸಬೇಕೆಂಬ ಪ್ರಶ್ನೆಯನ್ನು ಸೂಚೀಕರಣಕಾರರು ತಲೆಮಾರುಗಳಿಂದ ಎದುರಿಸುತ್ತಾ ಬಂದಿದ್ದಾರೆ. ಅದೇ ಪ್ರಶ್ನೆ ಇಲ್ಲಿ ಪರದೆಯ ಮೇಲೆ ಕಾಣಿಸಿಕೊಂಡಾಗ ಅವರಿಗೆ ಉತ್ತರ ಹೇಳಿಕೊಡಬೇಕಾಗಿಲ್ಲ, ಗುಂಡಿ ಎಲ್ಲಿದೆ ಎಂದು ತೋರಿಸಿದರೆ ಸಾಕು.

ಶೀರ್ಷಿಕೆಗಳದು ಇನ್ನೊಂದು ಬಗೆ. ಇಂಗ್ಲಿಷ್ ಶೀರ್ಷಿಕೆಗಳನ್ನು ಪ್ರತಿ ಪದಕ್ಕೂ ದೊಡ್ಡಕ್ಷರ ಹಾಕದೆ, ಸಾಮಾನ್ಯ ವಾಕ್ಯದಂತೆ ಉಳಿಸಿಡಬೇಕೆಂದು ಝೊಟೆರೊದ ಕೈಪಿಡಿಯೇ ಹೇಳುತ್ತದೆ, ಏಕೆಂದರೆ ಆ ರೂಪದಿಂದ ದೊಡ್ಡಕ್ಷರಗಳ ರೂಪಕ್ಕೆ ಯಂತ್ರ ತಾನೇ ಬದಲಾಯಿಸಬಲ್ಲದು. ಅದರ ವಿರುದ್ಧ ದಿಕ್ಕಿನಲ್ಲಿ ಅಂಕಿತನಾಮ ಯಾವುದು, ಸಾಮಾನ್ಯ ಪದ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಕನ್ನಡ ಲಿಪಿಯಲ್ಲಿ ಈ ತೊಂದರೆಯೇ ಇಲ್ಲ. ಆದರೆ ಲಿಪ್ಯಂತರ ಮಾಡಿದ ಶೀರ್ಷಿಕೆಯಾಗಿದ್ದರೆ, ಅಥವಾ ರೋಮನ್ ಲಿಪಿಯ ಬೇರೆ ಭಾಷೆಯ ಪುಸ್ತಕವಾಗಿದ್ದರೆ, ‘ಭಾಷೆ’ ಎಂಬ ಕ್ಷೇತ್ರವನ್ನು ತಪ್ಪದೆ ತುಂಬಬೇಕು. ಇಂಗ್ಲಿಷ್ ಅಲ್ಲವೆಂದು ಅಲ್ಲಿ ದಾಖಲಾಗಿದ್ದರೆ ಶೀರ್ಷಿಕೆಯ ಅಕ್ಷರಗಳನ್ನು ತಂತ್ರಾಂಶ ಬದಲಾಯಿಸುವುದಿಲ್ಲ. ಖಾಲಿ ಬಿಟ್ಟರೂ ನಡೆಯುತ್ತದೆ ಎನಿಸುವ ಈ ಒಂದು ಕ್ಷೇತ್ರ ಬಹುಭಾಷಾ ಗ್ರಂಥಸೂಚಿಯ ಅಂದವನ್ನು ಕಾಪಾಡುತ್ತದೆ.

ವಿಷಯಸೂಚಕ ಪದಗಳ ವಿಚಾರದಲ್ಲಿ ನನಗೆ ಝೊಟೆರೊದ ಮೂಲ ವ್ಯವಸ್ಥೆ ಒಪ್ಪಿಗೆಯಾಗಿಲ್ಲ. ಕೃತಿಯನ್ನು ಉಳಿಸಿಕೊಳ್ಳುವಾಗ ಆ ತಾಣದಲ್ಲಿರುವ ವಿಷಯ ಶೀರ್ಷಿಕೆಗಳೂ ಲೇಖಕರು ಕೊಟ್ಟ ಪದಗಳೂ ತಾವಾಗಿಯೇ ಟ್ಯಾಗ್‌ಗಳಾಗಿ ಬಂದು ಸೇರುತ್ತವೆ. ಒಂದು ಸೂಚಿಯ ನಿಯಂತ್ರಿತ ಪದಾವಳಿ (ಮೊದಲೇ ನಿಗದಿಪಡಿಸಿದ ಪದಗಳು), ಇನ್ನೊಂದು ಪತ್ರಿಕೆಯ ಸ್ವತಂತ್ರ ಪದಗಳು, ಮತ್ತೊಂದು ಕಡೆಯ ಏಕವಚನ, ಮಗದೊಂದು ಕಡೆಯ ಬಹುವಚನ, ಎಲ್ಲ ಬೆರೆತು ಕೆಲವೇ ತಿಂಗಳಲ್ಲಿ ಟ್ಯಾಗ್ ಪಟ್ಟಿ ಯಾರಿಗೂ ಉಪಯೋಗಕ್ಕೆ ಬಾರದಷ್ಟು ಬೆಳೆಯುತ್ತದೆ. ಆಯ್ಕೆಗಳ ಪುಟದಲ್ಲಿ ಈ ಸ್ವಯಂಚಾಲಿತ ಸೇರ್ಪಡೆಯನ್ನು ನಿಲ್ಲಿಸಬಹುದು. ಮೊದಲ ದಿನವೇ ನಿಲ್ಲಿಸಿ ಎಂದು ನನ್ನ ಸಲಹೆ. ಬದಲಿಗೆ ನಿಮ್ಮದೇ ಒಂದು ಚಿಕ್ಕ ಪದಾವಳಿಯನ್ನು ತೀರ್ಮಾನಿಸಿ, ಅದನ್ನು ಒಂದು ಟಿಪ್ಪಣಿಯಲ್ಲಿ ಬರೆದಿಟ್ಟು, ಅದರಾಚೆಗೆ ಹೋಗದಿರುವುದು ಒಳ್ಳೆಯದು. ಒಂಬತ್ತು ಟ್ಯಾಗ್‌ಗಳವರೆಗೆ ಬಣ್ಣ ಕೊಟ್ಟು, ಸಂಖ್ಯೆಯ ಕೀಲಿಯೊಂದನ್ನು ಒತ್ತಿ ಅವುಗಳನ್ನು ಹಚ್ಚುವ ಸೌಲಭ್ಯವಿದೆ. ‘ಪರಿಶೀಲಿಸಿದೆ’, ‘ಪೂರ್ಣಪಠ್ಯ ಬೇಕು’, ‘ಓದುಗರಿಗೆ ಕಳುಹಿಸಿದೆ’ ಎಂಬಂತಹ ಕೆಲಸದ ಸ್ಥಿತಿಗಳಿಗೆ ನಾನು ಅದನ್ನು ಮೀಸಲಿಟ್ಟಿದ್ದೇನೆ, ಅದು ಅತ್ಯುತ್ತಮವಾಗಿ ನಡೆಯುತ್ತಿದೆ.

ಝೊಟೆರೊದ ಭಂಡಾರದೊಳಗೆ ನಮೂದುಗಳನ್ನು ವಿಂಗಡಿಸಿಡುವ ಸಂಗ್ರಹಗಳನ್ನು ಅರ್ಥಮಾಡಿಕೊಳ್ಳುವಲ್ಲಿ ಹೊಸ ಕಲಿಕೆಯವರು ಎಡವುತ್ತಾರೆ, ಏಕೆಂದರೆ ಅವು ಕಂಪ್ಯೂಟರಿನ ಫೋಲ್ಡರಿನಂತೆ ಕಾಣುತ್ತವೆ. ಹಳೆಯ ಕಾರ್ಡ್ ಸೂಚಿಯಲ್ಲಿ ಒಂದೇ ಪುಸ್ತಕಕ್ಕೆ ಹಲವು ವಿಷಯ ಕಾರ್ಡುಗಳಿರುತ್ತಿದ್ದಂತೆ, ಇಲ್ಲಿ ಒಂದೇ ನಮೂದು ಎಷ್ಟು ಸಂಗ್ರಹಗಳಲ್ಲಿ ಬೇಕಾದರೂ ಕಾಣಿಸಿಕೊಳ್ಳಬಲ್ಲದು. ಪ್ರತಿ ಮಾತ್ರ ಒಂದೇ. ಆದ್ದರಿಂದ ಸಂಗ್ರಹದಿಂದ ತೆಗೆಯುವುದು ಬೇರೆ, ಇಡೀ ಭಂಡಾರದಿಂದ ಅಳಿಸುವುದು ಬೇರೆ. ಒಂದೇ ಕೃತಿ ನಿಜವಾಗಿಯೇ ಎರಡು ಬಾರಿ ದಾಖಲಾಗಿದ್ದರೆ ಅವನ್ನು ಪತ್ತೆಹಚ್ಚಿ ವಿಲೀನಗೊಳಿಸುವ ವಿಭಾಗವಿದೆ. ಒಂದು ಪುಸ್ತಕವೆಂದೂ ಇನ್ನೊಂದು ವರದಿಯೆಂದೂ ದಾಖಲಾಗಿದ್ದರೆ ವಿಲೀನ ಸಾಧ್ಯವಾಗುವುದಿಲ್ಲ. ಮೊದಲು ಪ್ರಕಾರವನ್ನು ಸರಿಪಡಿಸಬೇಕು. ಆವೃತ್ತಿ ಬೇರೆಯೋ, ಬರಿಯ ಮರುಮುದ್ರಣವೋ ಎಂಬ ತೀರ್ಮಾನವನ್ನು ಯಂತ್ರಕ್ಕೆ ಬಿಡದೆ, ಶೀರ್ಷಿಕೆ ಪುಟದ ಹಿಂಬದಿಯನ್ನು ನೋಡಿಯೇ ಮಾಡಬೇಕು.

ಓದುಗರಿಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವುದು ಬರೆಯುವಾಗಲೇ ಉಲ್ಲೇಖ ಸೇರಿಸುವ ಅನುಕೂಲ. ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮೂರರಲ್ಲೂ ಅದು ದೊರೆಯುತ್ತದೆ, ಮತ್ತು ಒಂದು ಉಲ್ಲೇಖ ಶೈಲಿಯಿಂದ ಇನ್ನೊಂದಕ್ಕೆ ಇಡೀ ಪ್ರಬಂಧವನ್ನು ಬದಲಾಯಿಸಲು ಕ್ಷಣಕಾಲ ಸಾಕು. ಇದರ ಹಿಂದಿರುವುದು ಉಲ್ಲೇಖ ಶೈಲಿಗಳ ನಿಯಮಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಸಿಎಸ್‌ಎಲ್ ಎಂಬ ಮುಕ್ತ ಶೈಲಿಭಾಷೆ. ಅದರ ಭಂಡಾರದಲ್ಲಿ ಈಗ 10,000ಕ್ಕೂ ಹೆಚ್ಚು ಶೈಲಿಗಳಿವೆ, ಇತರ ತಂತ್ರಾಂಶಗಳೂ ಅವನ್ನೇ ಬಳಸುತ್ತವೆ. ಶೈಲಿಯ ಕಡತಗಳು ಯಾರ ಸ್ವತ್ತು ಎಂಬುದು ಒಮ್ಮೆ ನ್ಯಾಯಾಲಯದವರೆಗೂ ಹೋಗಿತ್ತು: 2008ರಲ್ಲಿ ಇದೇ ಬಗೆಯ ಎಂಡ್‌ನೋಟ್ ತಂತ್ರಾಂಶದ ಅಂದಿನ ಒಡೆತನದ ಥಾಮ್ಸನ್ ರಾಯ್ಟರ್ಸ್ ಸಂಸ್ಥೆ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಮೇಲೆ ಮೊಕದ್ದಮೆ ಹೂಡಿತು, 2009ರಲ್ಲಿ ಆ ಮೊಕದ್ದಮೆ ವಜಾ ಆಯಿತು. ಇಂದು ಸಂಸ್ಥೆಯೊಂದು ತನ್ನದೇ ಉಲ್ಲೇಖ ನಿಯಮಗಳನ್ನು ರೂಪಿಸಿಕೊಂಡಿದ್ದರೆ, ಹತ್ತಿರದ ಶೈಲಿಯೊಂದನ್ನು ತೆಗೆದುಕೊಂಡು ತಿದ್ದಿ ತನ್ನದನ್ನು ಸಿದ್ಧಪಡಿಸಲು ಯಾರ ಅನುಮತಿಯೂ ಬೇಕಿಲ್ಲ. ಎಕ್ಸ್‌ಎಂಎಲ್ ಕಡತ ತಿದ್ದುವ ಈ ಕೆಲಸ ಮೊದಲಿಗೆ ಕಠಿಣವೆನಿಸಿದರೂ ಗ್ರಂಥಾಲಯ ಸಿಬ್ಬಂದಿ ಕಲಿತುಕೊಳ್ಳಲು ಖಂಡಿತ ಯೋಗ್ಯವಾದದ್ದು. ಒಬ್ಬರು ಕಲಿತರೆ ಇಡೀ ಸಂಸ್ಥೆಗೆ ಅನುಕೂಲ.

ಸಂಗ್ರಹಣೆಯ ಮಿತಿಗಳನ್ನು ಮೊದಲೇ ತಿಳಿದಿರುವುದು ಅಗತ್ಯ. ನಮೂದುಗಳನ್ನೂ ಟಿಪ್ಪಣಿಗಳನ್ನೂ ಎಷ್ಟಿದ್ದರೂ ಝೊಟೆರೊದ ಸರ್ವರಿನೊಂದಿಗೆ ಉಚಿತವಾಗಿ ಸಮನ್ವಯಗೊಳಿಸಬಹುದು (ಸಿಂಕ್ ಮಾಡಬಹುದು). ಜೊತೆಗಿರುವ ಕಡತಗಳಿಗೆ ಮಾತ್ರ ಉಚಿತ ಮಿತಿ 300 ಎಂಬಿ. ಸ್ಕ್ಯಾನ್ ಮಾಡಿದ ಪುಸ್ತಕಗಳಿದ್ದರೆ ಇದು ಬೇಗ ತುಂಬುತ್ತದೆ. ಹೆಚ್ಚಿನ ಜಾಗಕ್ಕೆ ಹಣ ಕೊಡಬೇಕು, ಇಲ್ಲವೇ ಸ್ವಂತ ಭಂಡಾರಕ್ಕೆ ವೆಬ್‌ಡ್ಯಾವ್ ಸೇವೆಯನ್ನು (ಕಡತಗಳನ್ನು ಜಾಲದ ಬೇರೊಂದು ಸರ್ವರಿನಲ್ಲಿಡುವ ವ್ಯವಸ್ಥೆಯನ್ನು) ಜೋಡಿಸಿಕೊಳ್ಳಬೇಕು. ಹಲವರು ಹಂಚಿಕೊಳ್ಳುವ ಗುಂಪಿನ ಭಂಡಾರಗಳಿಗೆ ವೆಬ್‌ಡ್ಯಾವ್ ನಡೆಯುವುದಿಲ್ಲ. ಜಾಗ ಉಳಿಸಲೆಂದು ಝೊಟೆರೊದ ದತ್ತಾಂಶ ಫೋಲ್ಡರನ್ನೇ ಬೇರೊಂದು ಕ್ಲೌಡ್ ಸೇವೆಯ ಫೋಲ್ಡರಿನೊಳಗೆ ಇಡುವುದು ಅಪಾಯಕಾರಿ, ಅದರಿಂದ ದತ್ತಾಂಶ ಕೆಡಬಹುದೆಂದು ತಂತ್ರಾಂಶದವರೇ ಎಚ್ಚರಿಸುತ್ತಾರೆ. ಪೂರ್ಣಪಠ್ಯದಲ್ಲಿ ಹುಡುಕುವ ಸೌಲಭ್ಯ ನನಗೆ ಬಹಳ ಪ್ರಿಯವಾದರೂ ಕನ್ನಡದ ಹಳೆಯ ಪಿಡಿಎಫ್‌ಗಳಲ್ಲಿ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಸಿದ್ಧವಾದ ಪುಟ ಕಣ್ಣಿಗೆ ಸ್ವಚ್ಛವಾಗಿ ಕಂಡರೂ ಒಳಗಿರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಬರಿಯ ಚಿತ್ರವಾಗಿ ಸ್ಕ್ಯಾನ್ ಆದ ಪುಟದಲ್ಲಿ ಪಠ್ಯವೇ ಇರುವುದಿಲ್ಲ. ಅಂಥವನ್ನು ಒಸಿಆರ್ ಮಾಡಿಯೇ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿ ಬದಲಾಯಿಸಿಯೇ) ಸೇರಿಸಬೇಕು. ಅದಾಗದಿದ್ದರೆ ಅಧ್ಯಾಯಗಳ ಹೆಸರನ್ನಾದರೂ ಟಿಪ್ಪಣಿಯಲ್ಲಿ ಯೂನಿಕೋಡಿನಲ್ಲಿ ಬರೆದಿಟ್ಟರೆ ಹುಡುಕಾಟಕ್ಕೆ ಸಿಗುತ್ತದೆ. ಇದು ನಿಧಾನದ ಕೆಲಸ. ಆದರೂ ಮಾಡಿಟ್ಟವರನ್ನು ಮುಂದಿನ ಓದುಗರು ನೆನೆಯುತ್ತಾರೆ.

2019ರಿಂದ ಇರುವ ಒಂದು ಸೌಲಭ್ಯವನ್ನು ಇಲ್ಲಿ ಹೇಳಲೇಬೇಕು. ಹಿಂತೆಗೆದುಕೊಳ್ಳಲಾದ ಸಂಶೋಧನಾ ಲೇಖನಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್ ದತ್ತಸಂಚಯದೊಂದಿಗೆ ಝೊಟೆರೊ ತನ್ನಲ್ಲಿರುವ ನಮೂದುಗಳನ್ನು ಹೋಲಿಸಿ ನೋಡುತ್ತದೆ. ವರ್ಷಗಳ ಹಿಂದೆ ಉಳಿಸಿಕೊಂಡ ಲೇಖನ ಈಗ ಹಿಂತೆಗೆದುಕೊಳ್ಳಲ್ಪಟ್ಟಿದ್ದರೆ ಕೆಂಪು ಗುರುತು ಕಾಣಿಸುತ್ತದೆ; ಅದನ್ನು ಪ್ರಬಂಧದಲ್ಲಿ ಉಲ್ಲೇಖಿಸಲು ಹೊರಟರೂ ಎಚ್ಚರಿಕೆ ಬರುತ್ತದೆ. ಡಿಒಐ ಅಥವಾ ಪಬ್‌ಮೆಡ್ ಸಂಖ್ಯೆ ನಮೂದಿನಲ್ಲಿದ್ದರೆ ಮಾತ್ರ ಈ ಹೋಲಿಕೆ ಖಚಿತವಾಗಿ ನಡೆಯುತ್ತದೆ. ವೈದ್ಯಕೀಯ ವಿಷಯದ ಓದುಗರಿಗೆ ನೆರವಾಗುವವರು ಈ ಒಂದು ಕಾರಣಕ್ಕಾದರೂ ಆ ಸಂಖ್ಯೆಗಳನ್ನು ಬಿಡದೆ ತುಂಬಬೇಕೆಂದು ನಾನು ಒತ್ತಾಯಿಸುತ್ತೇನೆ.

ಗ್ರಂಥಾಲಯಗಳಿಗೆ ಝೊಟೆರೊದಿಂದ ಆಗುವ ಅತಿದೊಡ್ಡ ಉಪಕಾರ ಗುಂಪಿನ ಭಂಡಾರ. ಒಂದು ವಿಷಯದ ಗ್ರಂಥಸೂಚಿಯನ್ನು ಹಲವರು ಸೇರಿ ಕಟ್ಟಬಹುದು, ಯಾರು ತಿದ್ದಬಹುದು, ಯಾರು ಬರಿದೆ ನೋಡಬಹುದು ಎಂದು ನಿಗದಿಪಡಿಸಬಹುದು, ಸಾರ್ವಜನಿಕವಾಗಿ ತೆರೆದಿಡಲೂಬಹುದು. ವಿಷಯವಾರು ಗ್ರಂಥಸೂಚಿಗಳನ್ನು ಟೈಪು ಮಾಡಿ ಹಂಚುತ್ತಿದ್ದ ಸೇವೆ ಇದರಿಂದ ಹೊಸ ಜೀವ ಪಡೆದಿದೆ. ಓದುಗರು ಬೇಕಾದ ನಮೂದುಗಳನ್ನು ನೇರವಾಗಿ ತಮ್ಮ ಭಂಡಾರಕ್ಕೆ ಎಳೆದುಕೊಳ್ಳುತ್ತಾರೆ. ಗುಂಪನ್ನು ಆರಂಭಿಸುವವರು ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ಗುಂಪಿನ ಕಡತಗಳೆಲ್ಲ ಅದರ ಒಡೆತನವಿರುವ ಖಾತೆಯ ಸಂಗ್ರಹ ಮಿತಿಯಲ್ಲೇ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಸಿಬ್ಬಂದಿಯೊಬ್ಬರ ಸ್ವಂತ ಖಾತೆಯ ಬದಲು ವಿಭಾಗದ ಹೆಸರಿನಲ್ಲಿಯೇ ಖಾತೆ ತೆರೆದು ಗುಂಪನ್ನು ಅದರಡಿಯಲ್ಲಿ ಇಡುವುದು ಸೂಕ್ತ. ಈಗಾಗಲೇ ಒಬ್ಬರ ಹೆಸರಿನಲ್ಲಿದ್ದರೆ, ಅವರು ವರ್ಗವಾಗಿಯೋ ನಿವೃತ್ತರಾಗಿಯೋ ಹೋಗುವ ಮೊದಲು, ಗುಂಪಿನ ಸೆಟ್ಟಿಂಗ್‌ಗಳ ಪುಟದಲ್ಲಿ ಒಡೆತನವನ್ನು ಮತ್ತೊಬ್ಬ ಸದಸ್ಯರಿಗೆ ವರ್ಗಾಯಿಸಿ, ಇಡೀ ಭಂಡಾರದ ಒಂದು ಪ್ರತಿಯನ್ನು ಝೊಟೆರೊ ಆರ್‌ಡಿಎಫ್ ಎಂಬ ಕಡತ ರೂಪದಲ್ಲಿ, ಟಿಪ್ಪಣಿಗಳೂ ಕಡತಗಳೂ ಸೇರಿದಂತೆ, ಗ್ರಂಥಾಲಯದ ಸ್ವಂತ ಕಂಪ್ಯೂಟರಿನಲ್ಲಿ ಇರಿಸಿಕೊಳ್ಳಬೇಕು.