ಎಣ್ಣೆಹನಿ ಉಪಕರಣ: ಒಂದೇ ಹನಿ, ಇಬ್ಬರ ಲೆಕ್ಕ

ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಅಳೆಯಲು ಕಾಲೇಜು ಪ್ರಯೋಗಾಲಯಗಳಿಗೆಂದು ತಯಾರಿಸಿದ ಎಣ್ಣೆಹನಿ ಉಪಕರಣವೊಂದನ್ನು ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಮೂರು ವಾರ ಬಳಸಿ ನೋಡಿದೆವು. ಎರಡು ಸಮಾಂತರ ಲೋಹದ ತಟ್ಟೆಗಳು, ಎಣ್ಣೆಯನ್ನು ತುಂತುರಾಗಿ ಸಿಂಪಡಿಸುವ ಸಾಧನ, ದೀಪ, ಅಳತೆಗೆರೆಗಳುಳ್ಳ ಸೂಕ್ಷ್ಮದರ್ಶಕ, ವೋಲ್ಟೇಜ್ ಬದಲಿಸುವ ಗುಂಡಿ: ಸಾಮಗ್ರಿ ಇಷ್ಟೇ. ಹನಿ ಬೀಳುವ ವೇಗದಿಂದ ಅದರ ಗಾತ್ರವನ್ನೂ, ತಟ್ಟೆಗಳಿಗೆ ವೋಲ್ಟೇಜ್ ಕೊಟ್ಟಾಗ ಅದರ ಚಲನೆ ಬದಲಾಗುವ ರೀತಿಯಿಂದ ಅದರ ಆವೇಶವನ್ನೂ ಲೆಕ್ಕ ಹಾಕುವುದು ಇದರ ಕ್ರಮ. ಜೋಡಣೆ ಅಚ್ಚುಕಟ್ಟಾಗಿದೆ, ವೋಲ್ಟೇಜ್ ಏರಿಳಿಯದೆ ನಿಲ್ಲುತ್ತದೆ. ದೀಪ ಮಾತ್ರ ಸ್ವಲ್ಪ ಹೊತ್ತಿನಲ್ಲೇ ಒಳಗಿನ ಗಾಳಿಯನ್ನು ಬಿಸಿಮಾಡುತ್ತದೆ.

ಒಂದೇ ಉಪಕರಣದಲ್ಲಿ, ಒಂದೇ ಸಂಜೆ, ನಮ್ಮಿಬ್ಬರಿಗೂ ಬೇರೆ ಬೇರೆ ಉತ್ತರ ಬಂದಿತು. ಕಾರಣ ಹುಡುಕಿದಾಗ ತಿಳಿದದ್ದು, ಅವರು ನಿಧಾನವಾಗಿ ಬೀಳುವ ಚಿಕ್ಕ ಹನಿಗಳನ್ನೂ ನಾನು ಬೇಗ ಬೀಳುವ ದೊಡ್ಡ ಹನಿಗಳನ್ನೂ ಆರಿಸಿಕೊಳ್ಳುತ್ತಿದ್ದೆವು ಎಂಬುದು. ಅರ್ಧ ಮೈಕ್ರಾನ್ ತ್ರಿಜ್ಯದ ಹನಿಯೊಂದು ಅರ್ಧ ಮಿಲಿಮೀಟರ್ ಇಳಿಯಲು ಸುಮಾರು 20 ಸೆಕೆಂಡು ಹಿಡಿಯುತ್ತದೆ. ಅದಕ್ಕಿಂತ ಚಿಕ್ಕದನ್ನು ಹಿಡಿದರೆ ಗಾಳಿಯ ಅಣುಗಳು ಡಿಕ್ಕಿ ಹೊಡೆಯುವುದರಿಂದಾಗುವ ಬ್ರೌನಿಯನ್ ಚಲನೆಯಿಂದ ಅದು ನಡುಗುತ್ತ, ಯಾವ ಕ್ಷಣದಲ್ಲಿ ಗೆರೆ ದಾಟಿತೆಂಬುದೇ ಅನುಮಾನವಾಗುತ್ತದೆ. ದೊಡ್ಡ ಹನಿಯಲ್ಲಿ ಈ ತೊಂದರೆಯಿಲ್ಲ, ಆದರೆ ಅದು ಸಾಮಾನ್ಯವಾಗಿ ಹೆಚ್ಚು ಆವೇಶ ಹೊತ್ತಿರುವುದರಿಂದ, ಅಳತೆಯಲ್ಲಿ ಶೇ 6ರಷ್ಟು ದೋಷವಿದ್ದರೂ ಅದರ ಮೇಲಿರುವುದು 15 ಎಲೆಕ್ಟ್ರಾನುಗಳೋ 16 ಎಲೆಕ್ಟ್ರಾನುಗಳೋ ಎಂದು ಹೇಳಲಾಗದು.

ಹಾಗಾದರೆ ಯಾವುದು ಸರಿಯಾದ ಹನಿ? ಕೈಪಿಡಿ 'ಒಳ್ಳೆಯ ಹನಿಯನ್ನು ಆರಿಸಿ' ಎನ್ನುತ್ತದೆಯೇ ಹೊರತು ಒಳ್ಳೆಯದೆಂದರೆ ಯಾವುದೆಂದು ಹೇಳುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ 1.602 × 10⁻¹⁹ ಕೂಲಂಬ್ (ಆವೇಶವನ್ನು ಅಳೆಯುವ ಮಾನ) ಎಂಬ ಉತ್ತರವನ್ನು ಮೊದಲ ಪುಟದಲ್ಲೇ ಅಚ್ಚು ಹಾಕಿರುವುದು. ಅದನ್ನು ಓದಿದ ಮೇಲೆ, ಹತ್ತಿರದ ಉತ್ತರ ಕೊಟ್ಟ ಹನಿ ಒಳ್ಳೆಯದಾಗಿಯೂ ದೂರದ ಉತ್ತರ ಕೊಟ್ಟದ್ದು ಧೂಳಿನ ಕಣವಾಗಿಯೂ ಕಾಣತೊಡಗುತ್ತದೆ. ಲೆಕ್ಕ ಹೊಂದದಿದ್ದಾಗ ಸ್ಟಾಪ್‌ವಾಚನ್ನೇ ದೂರಿದವರಲ್ಲಿ ನಾನೂ ಒಬ್ಬ.

ಈ ಉಪಕರಣದ ಮೂಲಪುರುಷ, ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಕೂಡ ಇದೇ ಇಕ್ಕಟ್ಟಿನಲ್ಲಿದ್ದವರು. ವಿಯೆನ್ನಾದ ಭೌತವಿಜ್ಞಾನಿ ಫೆಲಿಕ್ಸ್ ಎರೆನ್‌ಹಾಫ್ಟ್ ತಮ್ಮ ಅತಿಸಣ್ಣ ಕಣಗಳ ಅಳತೆಗಳಲ್ಲಿ ಎಲೆಕ್ಟ್ರಾನಿಗಿಂತ ಚಿಕ್ಕ ಆವೇಶಗಳಿವೆ ಎಂದು ವಾದಿಸುತ್ತಿದ್ದಾಗ, ಮಿಲಿಕನ್ 1913ರ ಲೇಖನದಲ್ಲಿ 58 ಹನಿಗಳ ಫಲಿತಾಂಶ ಕೊಟ್ಟು, ಸತತ 60 ದಿನಗಳಲ್ಲಿ ಪರೀಕ್ಷಿಸಿದ ಹನಿಗಳೆಲ್ಲವೂ ಇವೇ ಎಂದು ಬರೆದರು. ಅವರ ಟಿಪ್ಪಣಿ ಪುಸ್ತಕಗಳಲ್ಲಿ ಅದಕ್ಕಿಂತ ಹೆಚ್ಚು ಹನಿಗಳಿವೆ. ಕೈಬಿಟ್ಟವುಗಳನ್ನು ಸೇರಿಸಿ ನಂತರದವರು ಲೆಕ್ಕ ಹಾಕಿದಾಗ ಮೌಲ್ಯ ಹೆಚ್ಚೇನೂ ಬದಲಾಗಲಿಲ್ಲವೆಂಬುದು ನಿಜ; ಆದರೆ ಆ ಹೇಳಿಕೆ ಸರಿಯಾಗಿರಲಿಲ್ಲವೆಂಬುದೂ ಅಷ್ಟೇ ನಿಜ. ಸ್ವಾರಸ್ಯವೆಂದರೆ, ಅವರ ಉತ್ತರ ಇಂದಿನ ಮೌಲ್ಯಕ್ಕಿಂತ ಶೇ 0.6ರಷ್ಟು ಕಡಿಮೆಯಾದದ್ದಕ್ಕೆ ಮುಖ್ಯ ಕಾರಣ ಹನಿಗಳ ಆಯ್ಕೆಯಲ್ಲ, ಅವರು ಬಳಸಿದ ಗಾಳಿಯ ಸ್ನಿಗ್ಧತೆಯ (ಹನಿಯ ಚಲನೆಗೆ ಗಾಳಿ ತಡೆಯೊಡ್ಡುವ ಗುಣದ) ಅಂಕಿ.

ಎರಡನೆಯ ವಾರದಿಂದ ನಾವು ಆ ಪುಟವನ್ನು ಕಾಗದದಿಂದ ಮುಚ್ಚಿ, ಎಷ್ಟು ಸೆಕೆಂಡಿನಿಂದ ಎಷ್ಟು ಸೆಕೆಂಡಿನೊಳಗೆ ಇಳಿಯುವ ಹನಿಗಳನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಮುಂಚೆಯೇ ಬರೆದಿಟ್ಟುಕೊಂಡೆವು. ಅಂತರ ಬಹಳಷ್ಟು ಕುಗ್ಗಿತು. ಆದರೂ ಸಹೋದ್ಯೋಗಿಯ ಉತ್ತರ ಪ್ರತಿಸಲವೂ ನನ್ನದಕ್ಕಿಂತ ತುಸು ಕಡಿಮೆಯೇ ಬರುತ್ತಿತ್ತು. ಕೊನೆಗೆ ನೋಡಿದರೆ, ಉಷ್ಣತೆಯೊಂದಿಗೆ ಬದಲಾಗುವ ಸ್ನಿಗ್ಧತೆಯ ಲೆಕ್ಕಕ್ಕೆ ಅವರು ಕೋಣೆಯ ಗೋಡೆಯ ಮೇಲಿನ ಉಷ್ಣಮಾಪಕವನ್ನೂ ನಾನು ತಟ್ಟೆಗಳ ಪಕ್ಕದ ಉಷ್ಣಮಾಪಕವನ್ನೂ ಓದುತ್ತಿದ್ದೆವು. ಯಾವುದನ್ನು ಓದಬೇಕೆಂದು ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಉಪಕರಣಕ್ಕೆ ಐದರಲ್ಲಿ ನಾಲ್ಕು ಅಂಕ, ಕೈಪಿಡಿಗೆ ಒಂದು.