ಸುಂಡಿಲಿ ಗಾತ್ರದ ಫ್ಯಾಂಟಮ್: ಒಳ್ಳೆಯ ಉಪಕರಣ, ಅರ್ಧ ಪರೀಕ್ಷೆ

ಸಣ್ಣ ಪ್ರಾಣಿಗಳ ಪೆಟ್ ಸ್ಕ್ಯಾನರ್‌ಗಳ (ದೇಹಕ್ಕೆ ಕೊಟ್ಟ ವಿಕಿರಣಶೀಲ ವಸ್ತು ಎಲ್ಲಿದೆಯೆಂದು ಚಿತ್ರಿಸುವ ಯಂತ್ರಗಳು) ಗುಣಮಟ್ಟ ಅಳೆಯಲು ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘವಾದ ನೆಮಾದ 2008ರ ಎನ್‌ಯು 4 ಮಾನದಂಡ ಸೂಚಿಸುವ ಅಕ್ರಿಲಿಕ್ ಫ್ಯಾಂಟಮ್ (ಪ್ರಾಣಿಯ ಬದಲು ಸ್ಕ್ಯಾನ್ ಮಾಡುವ ಪರೀಕ್ಷಾ ಮಾದರಿ) ಸರಳವೂ ಉಪಯುಕ್ತವೂ ಆದ ಸಾಧನ. ಅದರೊಳಗೆ 1ರಿಂದ 5 ಮಿ.ಮೀ. ವ್ಯಾಸದ ಐದು ಕೊಳವೆಗಳಿವೆ. ನೀರು ಮತ್ತು ಗಾಳಿಗೆ ಎರಡು ಕೋಣೆಗಳಿವೆ. ಅಷ್ಟು ಸಣ್ಣ ಕೊಳವೆಗಳಿಗೆ ಗುಳ್ಳೆ ಬಾರದಂತೆ ವಿಕಿರಣಶೀಲ ದ್ರಾವಣ ತುಂಬುವುದು ತಾಳ್ಮೆಯ ಕೆಲಸವೆನ್ನಿ.

ನನ್ನ ಆಕ್ಷೇಪ ಬೇರೆ. ಈ ಫ್ಯಾಂಟಮ್‌ಗೆ ಮಾನದಂಡವು ಫ್ಲೋರಿನ್-18 ಒಂದನ್ನೇ ಬಳಸಲು ಹೇಳುತ್ತದೆ, ಮತ್ತು ಅದು ಎಲ್ಲ ಸ್ಕ್ಯಾನರ್‌ಗಳೂ ಚೆನ್ನಾಗಿ ಕಾಣುವಂತೆ ಮಾಡುವ ನ್ಯೂಕ್ಲೈಡ್ (ಇಲ್ಲಿ, ವಿಕಿರಣಶೀಲ ಪರಮಾಣುವಿನ ಬಗೆ). ಅದು ಹೊಮ್ಮಿಸುವ ಪಾಸಿಟ್ರಾನಿನ (ಧನ ವಿದ್ಯುದಂಶದ ಎಲೆಕ್ಟ್ರಾನ್) ಗರಿಷ್ಠ ಶಕ್ತಿ 0.63 ಎಂಇವಿ (ಕಣಗಳ ಶಕ್ತಿಯ ಮಾನ) ಮಾತ್ರವಾದ್ದರಿಂದ, ನೀರಿನಲ್ಲಿ ಅದು ಸರಾಸರಿ ಒಂದು ಮಿ.ಮೀ.ಗಿಂತ ಕಡಿಮೆ ದೂರ ಸಾಗಿ, ಎಲೆಕ್ಟ್ರಾನಿನೊಡನೆ ಕೂಡಿ ನಾಶವಾಗುತ್ತದೆ. ಆ ಜಾಗದಿಂದ ಹೊರಡುವ 511 ಕೆಇವಿಯ (ಸಾವಿರ ಕೆಇವಿ ಒಂದು ಎಂಇವಿ) ಗಾಮಾ ಕಿರಣಗಳ ಜೋಡಿಯಿಂದಲೇ ಸ್ಕ್ಯಾನರ್ ಚಿತ್ರ ಮೂಡಿಸುವುದು. ಅದೇ ಫ್ಯಾಂಟಮ್‌ಗೆ 1.9 ಎಂಇವಿಯ ಗ್ಯಾಲಿಯಂ-68 ತುಂಬಿದರೆ, ಪಾಸಿಟ್ರಾನು ಹಲವು ಮಿ.ಮೀ. ಅಲೆಯಬಲ್ಲದಾದ ಕಾರಣ, ಸಣ್ಣ ಕೊಳವೆಗಳು ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ಅಯೋಡಿನ್-124ರ 603 ಕೆಇವಿ ಗಾಮಾ ಕಿರಣ ಈ 511 ಕೆಇವಿಗೆ ತೀರ ಹತ್ತಿರವಿರುವುದರಿಂದ ಸುಳ್ಳು ಜೋಡಿಗಳು ದಾಖಲಾಗಿ ಖಾಲಿ ಕೋಣೆಯೂ ಮಬ್ಬಾಗಿ ಬೆಳಗುತ್ತದೆ. ತಾಮ್ರ-64 ಚುರುಕಾದ ಚಿತ್ರ ಕೊಟ್ಟರೂ ಅದರ ಕ್ಷಯಗಳಲ್ಲಿ ಪಾಸಿಟ್ರಾನ್ ಹೊಮ್ಮುವುದು ಸುಮಾರು 18 ಶೇಕಡಾ ಮಾತ್ರ. ಹಾಗಾಗಿ ಸ್ಕ್ಯಾನ್ ಅವಧಿ ಹೆಚ್ಚಿಸಬೇಕು.

ಫ್ಯಾಂಟಮ್ ಕೊಳ್ಳಿರಿ; ಆದರೆ ಸ್ಕ್ಯಾನರ್ ಮಾರುವವರಿಂದ ನೀವು ನಿಜಕ್ಕೂ ಬಳಸಲಿರುವ ನ್ಯೂಕ್ಲೈಡಿನ ಚಿತ್ರವನ್ನೇ ಕೇಳಿ ಪಡೆಯಿರಿ.