ಅಲಾಸ್ಕಾ ಹಡಗಿನಲ್ಲಿ ಅಮ್ಮನ ಕೈ ಹೊಲಿಗೆ ಬಿಚ್ಚಿಸಿದ್ದು

ಮೊದಲೇ ಹೇಳಿಬಿಡುತ್ತೇನೆ. ಹಡಗಿನ ಆಸ್ಪತ್ರೆಯವರು ಕೆಲಸ ಚೆನ್ನಾಗಿ ಮಾಡಿದರು, ದುಡ್ಡು ಜಾಸ್ತಿ ಆಯಿತು, ಇನ್ನೊಂದು ಸಲ ಹೀಗೇ ಆದರೂ ನಾನು ಅಲ್ಲಿಗೇ ಹೋಗುತ್ತೇನೆ. ಹಡಗಿನ ಹೆಸರು ಬರೆಯುವುದಿಲ್ಲ. ಭಾನುವಾರ ಅಮೆರಿಕದ ಸಿಯಾಟಲ್‌ನಿಂದ ಹೊರಟು ಅಲಾಸ್ಕಾದ ಜುನೋ, ಸ್ಕ್ಯಾಗ್ವೇ, ಕೆಚಿಕನ್, ಆಮೇಲೆ ಕೆನಡಾದ ವಿಕ್ಟೋರಿಯಾ ಮುಗಿಸಿ ಮುಂದಿನ ಭಾನುವಾರ ವಾಪಸ್ ಬರುವ ಏಳು ರಾತ್ರಿಯ ಪ್ರವಾಸ. ಊರಿಂದ ಬಂದ ಅಪ್ಪ ಅಮ್ಮನನ್ನು ಇದಕ್ಕೆ ಕರೆದುಕೊಂಡು ಹೋಗುವ ಕನ್ನಡದವರು ಈ ಕಡೆ ತುಂಬಾ ಜನ ಇದ್ದೀರಿ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಗಾಯ ಆಗಿದ್ದು ಮನೆಯಲ್ಲಿ. ಫ್ರೀಜರ್‌ನಲ್ಲಿಟ್ಟ ತೆಂಗಿನ ತುರಿ ಗೊತ್ತಲ್ಲ, ಇಟ್ಟಿಗೆ ಥರ ಗಟ್ಟಿ. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ಚಾಕುವಿನ ತುದಿಯಲ್ಲಿ ಮೀಟಲು ಹೋಗಿ ಅಮ್ಮ ಹೆಬ್ಬೆರಳಿನ ಬುಡದಲ್ಲಿ ಆಳವಾಗಿ ಕುಯ್ದುಕೊಂಡರು. ಶುಕ್ರವಾರ ಸಂಜೆ. ಅರ್ಜೆಂಟ್ ಕೇರ್‌ನಲ್ಲಿ (ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗಬಹುದಾದ ಕ್ಲಿನಿಕ್) ಆರು ಹೊಲಿಗೆ, ಒಂದು ಟೆಟನಸ್ ಇಂಜೆಕ್ಷನ್. ಮುಖದ ಹೊಲಿಗೆಯಾದರೆ ಸುಮಾರು ಐದು ದಿನಕ್ಕೇ ತೆಗೆಯುತ್ತಾರೆ, ಅಂಗೈಯದು 10ರಿಂದ 14 ದಿನ ಇರಬೇಕು, ಅಮ್ಮನಿಗೆ ಶುಗರ್ ಇರುವುದರಿಂದ 12ನೇ ದಿನ ತೆಗೆಸಿ ಎಂದರು. ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ 12ನೇ ದಿನ ಬುಧವಾರ. ಅವತ್ತು ನಾವು ಸ್ಕ್ಯಾಗ್ವೇಯಲ್ಲಿ!

ಹೊರಡುವ ಮುಂಚೆ ತೆಗೆಸೋಣ ಎಂದರೆ ಗಾಯ ಇನ್ನೂ ಹಸಿ. ವಾಪಸ್ ಬಂದ ಮೇಲೆ ಎಂದರೆ 16ನೇ ದಿನ, ಅಷ್ಟು ದಿನ ಬಿಟ್ಟರೆ ದಾರದ ಗುರುತು ಚರ್ಮದ ಮೇಲೆ ಉಳಿಯುತ್ತದೆ, ತೆಗೆಯುವಾಗಲೂ ಕಷ್ಟ. ದಡದಲ್ಲಿ ತೆಗೆಸೋಣ ಎಂದರೆ ಸ್ಕ್ಯಾಗ್ವೇ ಚಿಕ್ಕ ಊರು, ಆಸ್ಪತ್ರೆಯೇ ಇಲ್ಲ, ಒಂದು ಕ್ಲಿನಿಕ್ ಇದೆ ಅಷ್ಟೇ. ಜುನೋದಲ್ಲಿ ಆಸ್ಪತ್ರೆ ಇದೆ, ಆದರೆ ಅಲ್ಲಿ ಕಾಯುತ್ತಾ ಕೂತು ಹಡಗು ತಪ್ಪಿಸಿಕೊಂಡರೆ ಆ ಊರಿಂದ ಹೊರಗೆ ಹೋಗಲು ರಸ್ತೆಯೇ ಇಲ್ಲ, ವಿಮಾನ ಇಲ್ಲವೇ ದೋಣಿ. ಅಮ್ಮನನ್ನು ಇಟ್ಟುಕೊಂಡು ಆ ರಿಸ್ಕ್ ನನಗೆ ಬೇಡವಾಗಿತ್ತು. ಶಿವಮೊಗ್ಗದಿಂದ ನನ್ನ ತಮ್ಮ ಫೋನ್ ಮಾಡಿ, "ಅಕ್ಕಾ, ನೇಲ್ ಕಟರ್‌ನಲ್ಲಿ ಸುಮ್ನೆ ಕತ್ತರಿಸಿ ಎಳೆದುಬಿಡು" ಎಂದ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಡಗಿನ ಆಸ್ಪತ್ರೆ ಕೆಳಗಿನ ಡೆಕ್‌ನಲ್ಲಿ, ಹೆಚ್ಚು ಕಡಿಮೆ ಹಡಗಿನ ನಡುಮಧ್ಯ. ಕಿಟಕಿ ಇಲ್ಲ, ಸಮುದ್ರ ಕಾಣುವುದಿಲ್ಲ, ಮೇಲಿನ ಹಾಡು ಗದ್ದಲ ಏನೂ ಕೇಳುವುದಿಲ್ಲ. ಅಲ್ಲಿ ಓಲಾಟ ಕಡಿಮೆ. ಕತ್ತರಿ ಹಿಡಿಯುವ ಜಾಗಕ್ಕೆ ಅದೇ ತಾನೇ ಬೇಕು. ಎಕ್ಸ್-ರೇ, ಇಸಿಜಿ, ಹಾಸಿಗೆಗಳು, ಒಂದು ಪುಟ್ಟ ಔಷಧಿ ಕೋಣೆ ಎಲ್ಲಾ ಇತ್ತು. ಸೋಮವಾರ ಇಡೀ ದಿನ ಸಮುದ್ರದಲ್ಲೇ ಇದ್ದೆವಲ್ಲ, ಅವತ್ತು ಬೆಳಗ್ಗೆ ಸುಮ್ಮನೆ ವಿಚಾರಿಸಲು ಹೋದೆ. ಅಲ್ಲಿದ್ದ ನರ್ಸ್ ನಾನು ಕೇಳುವ ಮೊದಲೇ ದರದ ಪಟ್ಟಿ ಮುಂದಿಟ್ಟರು. ಅರ್ಜೆಂಟ್ ಕೇರ್‌ನ ಚೀಟಿ ಓದಿದರು. ಎಷ್ಟು ಹೊಲಿಗೆ, ಯಾವತ್ತು ಹಾಕಿದ್ದು, ಯಾವ ದಾರ, ಎಲ್ಲಾ ಅದರಲ್ಲಿತ್ತು. ಆ ಚೀಟಿ ಇಲ್ಲದಿದ್ದರೆ ಅರ್ಧ ಗಂಟೆ ಪ್ರಶ್ನೆಗಳೇ ಆಗುತ್ತಿತ್ತು, ಮರೆಯದೆ ತೆಗೆದುಕೊಂಡು ಹೋಗಿ. ಬುಧವಾರ ಸಂಜೆ ಬನ್ನಿ, ಅಲ್ಲಿಯವರೆಗೆ ಈಜುಕೊಳ, ಬಿಸಿನೀರಿನ ತೊಟ್ಟಿ ಎರಡೂ ಬೇಡ ಎಂದರು. ಇಷ್ಟಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಬೇಜಾರಾಗಿದ್ದು ಬುಧವಾರ. ಎಷ್ಟು ಗಂಟೆಗೆ ತೆರೆಯುತ್ತದೆ ಅಂತ ಹಡಗಿನ ಆ್ಯಪ್‌ನಲ್ಲಿ ಎಲ್ಲೂ ಸಿಗಲಿಲ್ಲ. ರಿಸೆಪ್ಷನ್‌ಗೆ ಎರಡು ಸಲ ಫೋನ್ ಮಾಡಿದೆ, ಒಬ್ಬರು ನಾಲ್ಕು ಎಂದರು, ಇನ್ನೊಬ್ಬರು ಐದು ಎಂದರು. ಸ್ಕ್ಯಾಗ್ವೇಯಲ್ಲಿ ಬೆಟ್ಟದ ರೈಲು ಹತ್ತಿಳಿದು ಸುಸ್ತಾಗಿದ್ದ ಅಮ್ಮನನ್ನು ನಾಲ್ಕಕ್ಕೇ ಕರೆದುಕೊಂಡು ಹೋದರೆ ಬಾಗಿಲು ಹಾಕಿತ್ತು. ಹೊರಗೆ ಒಂದು ಕುರ್ಚಿಯೂ ಇಲ್ಲ. 68 ವರ್ಷದವರು ಗೋಡೆಗೆ ಒರಗಿ ನಿಂತಿದ್ದು ನೋಡಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಅಷ್ಟು ದೊಡ್ಡ ಹಡಗಿನಲ್ಲಿ ಬಾಗಿಲ ಮೇಲೊಂದು ಬೋರ್ಡ್, ಪಕ್ಕದಲ್ಲಿ ಎರಡು ಕುರ್ಚಿ ಇಡುವುದು ಕಷ್ಟ ಅಲ್ಲ ಅಲ್ವಾ? ಕಾಯುವುದು ಬೇಡ ಎಂದು ಕ್ಯಾಬಿನ್‌ಗೆ ಹೋಗಿ ಐದಕ್ಕೆ ಮತ್ತೆ ಬಂದೆವು.

ಡಾಕ್ಟರ್ ದಕ್ಷಿಣ ಆಫ್ರಿಕಾದವರು. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ, ಆದರೂ ಅವರು ನನ್ನನ್ನು ನೋಡಿ ಮಾತಾಡಲಿಲ್ಲ, ಅಮ್ಮನನ್ನೇ ನೋಡಿಕೊಂಡು ನಿಧಾನವಾಗಿ ಹೇಳಿ, ನಾನು ಕನ್ನಡದಲ್ಲಿ ಹೇಳಿ ಮುಗಿಸುವವರೆಗೆ ಕಾದರು. ನೋವಾದರೆ ಇನ್ನೊಂದು ಕೈ ಎತ್ತಿ ಎಂದರು. ಒಣಗಿ ಕಪ್ಪಾಗಿದ್ದ ರಕ್ತದ ಹಕ್ಕಳೆಯನ್ನು ಸಲೈನ್‌ನಲ್ಲಿ ನೆನೆಸಿ ಮೆತ್ತಗೆ ಮಾಡಿದರು. ಚಿಮುಟದಲ್ಲಿ ಗಂಟನ್ನು ಸ್ವಲ್ಪ ಮೇಲೆತ್ತಿ, ಗಂಟಿನ ಕೆಳಗೆ ಚರ್ಮಕ್ಕೆ ಅಂಟಿದ ಹಾಗೆ ಒಂದೇ ಕಡೆ ಕತ್ತರಿಸಿ, ಗಾಯದ ಕಡೆಗೇ ಎಳೆದರು. ಹೊರಗಿನ ದಾರದಲ್ಲಿ ಕೊಳೆ ಕೂತಿರುತ್ತದಂತೆ, ಎಲ್ಲೆಂದರಲ್ಲಿ ಕತ್ತರಿಸಿ ಎಳೆದರೆ ಆ ಕೊಳೆ ಚರ್ಮದ ಒಳಗಿಂದ ಹಾದು ಬಂದು ಕೀವಾಗಬಹುದು. ನನ್ನ ತಮ್ಮ ಹೇಳಿದ್ದು ಅದನ್ನೇ!

ಮೊದಲು ಒಂದು ಬಿಟ್ಟು ಒಂದರಂತೆ ಮೂರು ತೆಗೆದರು. ಹೆಬ್ಬೆರಳು ಅಲ್ಲಾಡಿಸಲು ಹೇಳಿ ಬಾಗಿ ನೋಡಿದರು. ಮಣಿಕಟ್ಟಿನ ಕಡೆಯ ತುದಿಯಲ್ಲಿ ಗಾಯ ಅಕ್ಕಿ ಕಾಳಿನಷ್ಟು ಬಾಯಿ ಬಿಟ್ಟಿತು. ನನ್ನ ಎದೆ ಧಸಕ್ಕೆಂದಿತು. ಅವರು ಗಾಬರಿಯಾಗಲಿಲ್ಲ, ಉಳಿದ ಮೂರನ್ನೂ ತೆಗೆದು, ಬಾಯಿ ಬಿಟ್ಟ ಕಡೆ ಎರಡೂ ಅಂಚು ಕೂಡಿಸಿ ತೆಳ್ಳನೆಯ ಅಂಟುಪಟ್ಟಿ ನಾಲ್ಕು ಹಾಕಿದರು. ತಾವಾಗಿ ಬಿಡುವವರೆಗೆ ಕೀಳಬೇಡಿ, ಐದು ದಿನ ಭಾರ ಎತ್ತಬೇಡಿ, ಕೆಂಪಾದರೆ, ಬಿಸಿಯಾದರೆ, ಜ್ವರ ಬಂದರೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ ಎಂದರು. ಕ್ಯಾಬಿನ್‌ನಲ್ಲಿ ನಾನೇ ಕತ್ತರಿ ಹಿಡಿದಿದ್ದರೆ ಆ ತುದಿಯನ್ನು ಏನು ಮಾಡುತ್ತಿದ್ದೆ? ಅಮ್ಮ ಅಲ್ಲಿಯವರೆಗೆ ನಂಜು ಎಂದು ಬದನೆಕಾಯಿ ಮುಟ್ಟಿರಲಿಲ್ಲ, ಇನ್ನೂ ಒಂದು ವಾರ ತಿನ್ನುವುದಿಲ್ಲ ಎಂದರು. ನಾನೂ ಒತ್ತಾಯ ಮಾಡಲಿಲ್ಲ.

ಈಗ ಬಿಲ್. ಡಾಕ್ಟರ್ ನೋಡಿದ್ದಕ್ಕೆ 149 ಡಾಲರ್, ಹೊಲಿಗೆ ತೆಗೆದು ಪಟ್ಟಿ ಹಾಕಿದ್ದಕ್ಕೆ 40, ಒಟ್ಟು 189. ಸಿಯಾಟಲ್‌ನಲ್ಲಿ ಹೊಲಿಗೆ ಹಾಕಿದ ಕಡೆಯೇ ತೆಗೆಸಿದ್ದರೆ ಬೇರೆ ದುಡ್ಡೇ ಇರಲಿಲ್ಲ. ಹಾಗಾಗಿ ನಿಮ್ಮದು ಸಣ್ಣ ಗಾಯವಾಗಿದ್ದು, ಒಂದೆರಡು ದಿನ ಹಿಂದೆ ಮುಂದೆ ಆದರೆ ನಡೆಯುತ್ತದೆ ಎಂದು ನಿಮ್ಮ ಡಾಕ್ಟರೇ ಹೇಳಿದರೆ ಊರಲ್ಲೇ ಮುಗಿಸಿ. ಶುಗರ್ ಇದ್ದವರು, ವಯಸ್ಸಾದವರು ಆದರೆ 189ರ ಮುಖ ನೋಡಬೇಡಿ. ಹಡಗಿನಲ್ಲಿ ಇನ್ಶೂರೆನ್ಸ್ ಕಾರ್ಡ್ ತೆಗೆದುಕೊಳ್ಳಲಿಲ್ಲ, ದುಡ್ಡು ಸೀದಾ ಕ್ಯಾಬಿನ್ ಖಾತೆಗೆ ಹಾಕಿದರು, ಆಮೇಲೆ ನಾವೇ ಕ್ಲೇಮ್ ಮಾಡಿಕೊಳ್ಳಬೇಕು. ಅದಕ್ಕೆ ಇಳಿಯುವ ಮುಂಚೆಯೇ ಬಿಡಿಬಿಡಿಯಾಗಿ ಬರೆದ ಬಿಲ್, ಡಾಕ್ಟರ್ ಬರೆದ ವರದಿ ಎರಡನ್ನೂ ಕೇಳಿ ತೆಗೆದುಕೊಳ್ಳಿ. ನನ್ನ ವರದಿಯಲ್ಲಿ ಸಹಿ ಇರಲಿಲ್ಲ, ನಾನು ನೋಡಿರಲಿಲ್ಲ, ಇನ್ಶೂರೆನ್ಸ್‌ನವರು ವಾಪಸ್ ಕಳಿಸಿದರು. ಹಡಗಿನ ಆಸ್ಪತ್ರೆಗೆ ಇಮೇಲ್ ಮಾಡಿದೆ. ಮೂರನೇ ದಿನಕ್ಕೆ ಸಹಿ ಹಾಕಿದ ಪ್ರತಿ ಬಂತು, ಜೊತೆಗೆ ಅಮ್ಮನ ಕೈ ಹೇಗಿದೆ ಎಂದು ಆ ನರ್ಸ್ ಕೇಳಿದ್ದರು. ಗಾಯ ಪೂರ್ತಿ ಕೂಡಿದ ಮೇಲೆ ಒಂದು ಫೋಟೊ ತೆಗೆದು ಅವರಿಗೆ ಕಳಿಸಿದ್ದೇನೆ.